ಪ್ರಶ್ನೋತ್ತರ: ನೆಟ್‌ವರ್ಕ್ ಬ್ಯಾಕಪ್ ನಿಧಾನವೇ? ಕ್ಲೈಂಟ್ ಕಡೆಯ ಡಿಡ್ಯೂಪ್ ಬಗ್ಗೆ ಕೇಳಿ

ಅಡ್ಮಿನ್: ಇವತ್ತು ಸಂಜೆ 7ರಿಂದ 9ರವರೆಗೆ ಬ್ಯಾಕಪ್ ಇಂಜಿನಿಯರ್ ಮೇಡಂ ಉತ್ತರಿಸುತ್ತಾರೆ. ಕ್ಲೈಂಟ್ ಕಡೆಯ ಡಿಡ್ಯೂಪ್ (ಡಿಡ್ಯೂಪ್ಲಿಕೇಶನ್) ಅಂದರೆ ಇಷ್ಟೇ: ಡೇಟಾ ಲೈನಿಗೆ ಹೋಗುವ ಮೊದಲೇ, ಸರ್ವರಿನಲ್ಲಿ ಈಗಾಗಲೇ ಇರುವ ತುಂಡುಗಳನ್ನು ಕ್ಲೈಂಟ್, ಅಂದರೆ ಬ್ಯಾಕಪ್ ಕಳಿಸುವ ಮಷೀನೇ ಗುರುತಿಸಿ ಬಿಟ್ಟುಬಿಡುವುದು. ಸಾಫ್ಟ್‌ವೇರ್ ಯಾವುದು, ಡೇಟಾ ಎಷ್ಟು, ಅಪ್‌ಲೋಡ್ ಎಷ್ಟು ಅಂತ ಬರೆದೇ ಕೇಳಿ.

ಹುಬ್ಬಳ್ಳಿ ಸದಸ್ಯ: ನಮಸ್ಕಾರ್ರೀ ಮೇಡಂ. ಬ್ರಾಂಚ್ ಸರ್ವರ್‌ದಾಗ ಮೈಎಸ್‌ಕ್ಯೂಎಲ್ ಡೇಟಾಬೇಸ್ ಐತ್ರಿ. ರಾತ್ರಿ ಅದರ ಡಂಪ್ (ಪೂರ್ತಿ ಪ್ರತಿ) ತಗದು, ಜಿಝಿಪ್‌ಲೆ ಕುಗ್ಗಿಸಿ, ರೆಸ್ಟಿಕ್ ಅನ್ನೋ ಬ್ಯಾಕಪ್ ಸಾಫ್ಟ್‌ವೇರ್‌ಲೆ ಬೆಂಗಳೂರಿಗೆ ಕಳಸ್ತೀವಿ. ಫೈಲ್ 38 ಜಿಬಿ, ಅಪ್‌ಲೋಡ್ 20 ಎಂಬಿಪಿಎಸ್. ದಿನಾ ಅಷ್ಟಕ್ಕಷ್ಟೂ ಹೋಗ್ತದ. ಡಿಡ್ಯೂಪ್ ಎಲ್ಲೂ ಕಾಣವಲ್ದು.

ಮೇಡಂ: ನಮಸ್ಕಾರ. 20 ಎಂಬಿಪಿಎಸ್ ಅಂದರೆ ಸೆಕೆಂಡಿಗೆ 2.5 ಎಂಬಿ, ಗಂಟೆಗೆ 9 ಜಿಬಿ. 38 ಜಿಬಿಗೆ ನಾಲ್ಕು ಗಂಟೆಯ ಮೇಲೆ ಹಿಡಿಯುತ್ತದೆ. ಲೈನ್ ಸರಿಯಾಗಿದೆ, ತಪ್ಪು ಜಿಝಿಪ್‌ನದು. ಫೈಲಿನ ಆರಂಭದಲ್ಲಿ ಒಂದು ಸಾಲು ಬದಲಾದರೂ ಅಲ್ಲಿಂದ ಮುಂದಿನ ಜಿಝಿಪ್ ಔಟ್‌ಪುಟ್ ಪೂರ್ತಿ ಬೇರೆಯಾಗುತ್ತದೆ. ರೆಸ್ಟಿಕ್ ಫೈಲನ್ನು ಒಳಗಿನ ವಿಷಯ ನೋಡಿ 512 ಕೆಬಿಯಿಂದ 8 ಎಂಬಿವರೆಗಿನ ತುಂಡುಗಳಾಗಿ ಕತ್ತರಿಸುತ್ತದೆ, ಸರಾಸರಿ 1 ಎಂಬಿ. ಜಿಝಿಪ್ ಆದ ಫೈಲಿನಲ್ಲಿ ನಿನ್ನೆಯ ತುಂಡಿಗೆ ಹೋಲುವ ತುಂಡೇ ಅದಕ್ಕೆ ಸಿಗುವುದಿಲ್ಲ.

ಜಿಝಿಪ್ ತೆಗೆದುಹಾಕಿ. ರೆಸ್ಟಿಕ್ 0.14 ಅಥವಾ ಅದಕ್ಕಿಂತ ಹೊಸದಿದ್ದು ರೆಪಾಸಿಟರಿ (ಸರ್ವರಿನಲ್ಲಿರುವ ಬ್ಯಾಕಪ್ ಸಂಗ್ರಹ) ಫಾರ್ಮ್ಯಾಟ್ 2 ಆಗಿದ್ದರೆ, ಡಿಡ್ಯೂಪ್ ಆದ ಮೇಲೆ ಉಳಿದ ತುಂಡುಗಳನ್ನು ಅದೇ ಕುಗ್ಗಿಸುತ್ತದೆ. ಡಂಪಿಗೆ ಸಿಂಗಲ್-ಟ್ರಾನ್ಸಾಕ್ಷನ್, ಆರ್ಡರ್-ಬೈ-ಪ್ರೈಮರಿ, ಸ್ಕಿಪ್-ಡಂಪ್-ಡೇಟ್ ಈ ಮೂರೂ ಆಪ್ಷನ್ ಕೊಡಿ. ಸಾಲುಗಳ ಕ್ರಮ ದಿನವೂ ಒಂದೇ ಇರಲಿ. ಕುಗ್ಗಿಸದ ಡಂಪಿಗೆ ಡಿಸ್ಕಿನಲ್ಲಿ ಜಾಗವಿಲ್ಲದಿದ್ದರೆ 0.17ರಿಂದ ಬಂದಿರುವ ಸ್ಟ್‌ಡ್‌ಇನ್-ಫ್ರಮ್-ಕಮಾಂಡ್ ಬಳಸಿ, ಡಂಪ್ ಕಮಾಂಡನ್ನು ರೆಸ್ಟಿಕ್ಕೇ ಓಡಿಸಿ ನೇರ ಓದಿಕೊಳ್ಳುತ್ತದೆ. ಬರೀ ಪೈಪ್ ಹಾಕಿ ಡಂಪಿನ ಔಟ್‌ಪುಟನ್ನು ರೆಸ್ಟಿಕ್ಕಿಗೆ ಹರಿಸಿದರೆ, ಡಂಪ್ ಅರ್ಧಕ್ಕೆ ನಿಂತರೂ ಅರ್ಧ ಫೈಲೇ ಯಶಸ್ವಿ ಬ್ಯಾಕಪ್ ಅಂತ ದಾಖಲಾಗುತ್ತದೆ. ಜಿಝಿಪ್ ಬಿಡಲು ಆಗದೇ ಇದ್ದರೆ ಅದಕ್ಕೆ ಆರ್‌ಸಿಂಕೆಬಲ್ ಆಪ್ಷನ್ ಹಾಕಿ, ಆಗ ಒಂದು ಬದಲಾವಣೆ ಮುಂದಿನದನ್ನೆಲ್ಲ ಕೆಡಿಸುವುದಿಲ್ಲ.

ಎರಡು ಮಾತು ನೆನಪಿರಲಿ. ಬದಲಾಯಿಸಿದ ಮೊದಲ ರಾತ್ರಿ ಎಲ್ಲವೂ ಹೊಸದಾಗಿ ಹೋಗುತ್ತದೆ, ಶನಿವಾರ ರಾತ್ರಿ ಮಾಡಿ. ಕೊನೆಗೆ ಸಾಲು ಸೇರುತ್ತಾ ಹೋಗುವ ಲೆಡ್ಜರ್ ತರಹದ ಟೇಬಲ್ಲಿಗೆ ಲಾಭ ದೊಡ್ಡದು. ಎಲ್ಲೆಂದರಲ್ಲಿ ಅಪ್‌ಡೇಟ್ ಆಗುವ ಟೇಬಲ್ಲಿನಲ್ಲಿ ಒಂದು ಸಾಲು ಬದಲಾದರೂ ಅದಿರುವ ತುಂಡು ಇಡಿಯಾಗಿ ಹೋಗುತ್ತದೆ, ಅಲ್ಲಿ ಉಳಿತಾಯ ಕಡಿಮೆ.

ಮೈಸೂರು ಸದಸ್ಯ: ಮೇಡಂ, ನಮ್ಮಲ್ಲಿ ಮೊದಲ ಬ್ಯಾಕಪ್ಪೇ ಮೂರು ದಿನದಿಂದ ಓಡ್ತಿದೆ. ಡಿಡ್ಯೂಪ್ ಆನ್ ಇದ್ದೂ ಯಾಕೆ?

ಮೇಡಂ: ಹೋಲಿಸಲು ಸರ್ವರಿನಲ್ಲಿ ಇನ್ನೂ ಏನೂ ಇಲ್ಲ. ರೆಪಾಸಿಟರಿಯನ್ನು ಎಕ್ಸ್‌ಟರ್ನಲ್ ಡಿಸ್ಕಿನಲ್ಲಿ ತಯಾರಿಸಿ, ಡಿಸ್ಕನ್ನೇ ಕಳಿಸಿ ಅಲ್ಲಿ ಕಾಪಿ ಮಾಡಿಸಿ.

ಮಂಗಳೂರು ಸದಸ್ಯ: ಅಲ್ಲ ಮಾರಾಯ್ರೆ, ಕ್ಲೈಂಟಿನ ಸಿಪಿಯು ಯಾಕೆ ಸುಡಬೇಕು? ನ್ಯಾಸ್‌ನಲ್ಲಿ (ನೆಟ್‌ವರ್ಕಿನ ಸ್ಟೋರೇಜ್ ಪೆಟ್ಟಿಗೆ) ಝಡ್‌ಎಫ್‌ಎಸ್ ಫೈಲ್‌ಸಿಸ್ಟಮ್ಮಿನ ಡಿಡ್ಯೂಪ್ ಆನ್ ಮಾಡಿದರೆ ಆಯಿತಲ್ಲ.

ಸಿಂಗಾಪುರ ಸದಸ್ಯ: ಅದು ಡಿಸ್ಕ್ ಉಳಿಸುತ್ತೆ, ಲೈನ್ ಉಳಿಸಲ್ಲ. ಡೇಟಾ ಪೂರ್ತಿ ನ್ಯಾಸ್ ತಲುಪಿದ ಮೇಲೆ ತಾನೇ ಡಿಡ್ಯೂಪ್? ನನ್ನದೂ ಒಂದು ಪ್ರಶ್ನೆ ಮೇಡಂ: ಬೋರ್ಗ್ ಬ್ಯಾಕಪ್ ಸಾಫ್ಟ್‌ವೇರ್, 6 ಲ್ಯಾಪ್‌ಟಾಪ್, ಒಂದೇ ರೆಪೋ (ರೆಪಾಸಿಟರಿ). ಒಂದು ಮುಗಿಯೋವರೆಗೂ ಇನ್ನೊಂದು ಕಾಯುತ್ತೆ.

ಮೇಡಂ: ಬೋರ್ಗ್‌ 1ರಲ್ಲಿ ಒಂದು ಸಲಕ್ಕೆ ಒಬ್ಬರೇ ಬರೆಯಬಹುದು. ಬೇರೆ ಮಷೀನ್ ಬರೆದ ಮೇಲೆ ನಿಮ್ಮದು ಚಂಕ್ ಕ್ಯಾಶ್ (ರೆಪೋದಲ್ಲಿರುವ ತುಂಡುಗಳ ಪಟ್ಟಿ) ಮತ್ತೆ ಕಟ್ಟಿಕೊಳ್ಳಬೇಕು, ಸಮಯ ಹೋಗುವುದು ಅಲ್ಲೇ. ಲ್ಯಾಪ್‌ಟಾಪಿಗೊಂದು ರೆಪೋ ಮಾಡಿ.

ತುಮಕೂರು ಸದಸ್ಯೆ: ಮೇಡಂ, ಆಫೀಸ್ ಫೈಲ್ ಸರ್ವರ್, 1.2 ಟಿಬಿ, ರೆಸ್ಟಿಕ್, 100 ಎಂಬಿಪಿಎಸ್. ದಿನಕ್ಕೆ 2-3 ಜಿಬಿ ಹೋಗುತ್ತಿತ್ತು, ಅರ್ಧ ಗಂಟೆಯ ಕೆಲಸ. ನಿನ್ನೆ ರಾತ್ರಿ ಐದು ಗಂಟೆ ಹಿಡಿಯಿತು. ರಿಪೋರ್ಟಿನಲ್ಲಿ "ರೆಪಾಸಿಟರಿಗೆ ಸೇರಿದ್ದು 210 ಜಿಬಿ" ಅಂತಿದೆ. ಯಾರೂ ಹೊಸ ಡೇಟಾ ಹಾಕಿಲ್ಲ. ಪ್ಯಾಕ್ ಸೈಜ್ (ತುಂಡುಗಳನ್ನು ಸೇರಿಸಿಡುವ ಫೈಲಿನ ಗಾತ್ರ) ಜಾಸ್ತಿ ಮಾಡಿದರೆ ವೇಗ ಬರುತ್ತದೆಯೇ?

ಮೇಡಂ: ಪ್ಯಾಕ್ ಸೈಜ್ ಈಗ ಬಿಡಿ. ಮೊದಲು ಹಳೆಯ ಬ್ಯಾಕಪ್ ಅಳಿಸುವ ಫರ್ಗೆಟ್ ಮತ್ತು ಪ್ರೂನ್ ಕಮಾಂಡುಗಳನ್ನು ತಾನಾಗಿ ಓಡಿಸುವ ಕ್ರಾನ್ ನಿಲ್ಲಿಸಿ, ಈಗಲೇ. ಆಮೇಲೆ ಓದಿ.

ಓದುವುದು ಬೇರೆ, ಕಳಿಸುವುದು ಬೇರೆ. ಐನೋಡ್ (ಫೈಲ್‌ಸಿಸ್ಟಂ ಫೈಲಿಗೆ ಕೊಡುವ ಸಂಖ್ಯೆ) ಅಥವಾ ಸಮಯದ ಮುದ್ರೆ ಬದಲಾದರೆ, ಡಿಸ್ಕ್ ಬದಲಿಸಿದಾಗ ಅಥವಾ ಶೇರ್ ಮತ್ತೆ ಮೌಂಟ್ ಮಾಡಿದಾಗ ಹೀಗಾಗುತ್ತದೆ, ರೆಸ್ಟಿಕ್ 1.2 ಟಿಬಿಯನ್ನೂ ಮತ್ತೆ ಓದುತ್ತದೆ, ಗಂಟೆಗಟ್ಟಲೆ ಹಿಡಿಯುತ್ತದೆ. ಆದರೆ ಓದಿ ನೋಡಿದಾಗ ತುಂಡುಗಳು ಹಳೆಯವೇ ಆಗಿರುವುದರಿಂದ "ಸೇರಿದ್ದು" ಚಿಕ್ಕದೇ ಇರುತ್ತದೆ. ಐನೋಡ್ ಮಾತ್ರ ಬದಲಾಗಿದ್ದರೆ ಇಗ್ನೋರ್-ಐನೋಡ್ ಆಪ್ಷನ್ ಸಾಕು. ನಿಮ್ಮದು ಹಾಗಲ್ಲ. 210 ಜಿಬಿ ಸೇರಿದೆ ಅಂದರೆ ಫೈಲುಗಳ ಒಳಗಿನ ವಿಷಯವೇ ಬದಲಾಗಿದೆ.

ಕಾರಣ ಮೂರಿರಬಹುದು. ಯಾರೋ ದೊಡ್ಡ ಫೋಲ್ಡರನ್ನು ಪಾಸ್‌ವರ್ಡ್ ಹಾಕಿ ಝಿಪ್ ಮಾಡಿರಬಹುದು. ಯಾವುದೋ ಸಾಫ್ಟ್‌ವೇರ್ ತನ್ನ ಫೈಲುಗಳನ್ನು ಹೊಸ ಫಾರ್ಮ್ಯಾಟಿಗೆ ಬದಲಿಸಿರಬಹುದು. ಇಲ್ಲವಾದರೆ ರ್‍ಯಾನ್ಸಮ್‌ವೇರ್ ಹಣ ಕೀಳಲು ಫೈಲುಗಳನ್ನು ಎನ್‌ಕ್ರಿಪ್ಟ್ ಮಾಡುತ್ತಿದೆ. ಮೂರನೆಯದು ಅಲ್ಲ ಅಂತ ಖಚಿತವಾಗುವವರೆಗೆ ಅದೇ ಅಂತ ನಡೆದುಕೊಳ್ಳಿ.

ಫೈಲ್ ಸರ್ವರಿನಿಂದಲ್ಲ, ಬೇರೆ ಶುದ್ಧ ಮಷೀನಿನಿಂದ ಹೀಗೆ ಪರೀಕ್ಷಿಸಿ. ಮೊನ್ನೆಯ ಮತ್ತು ನಿನ್ನೆಯ ಸ್ನ್ಯಾಪ್‌ಶಾಟ್ (ಆಯಾ ರಾತ್ರಿಯ ಬ್ಯಾಕಪ್) ಐಡಿ ಕೊಟ್ಟು, ಎರಡನ್ನೂ ಹೋಲಿಸುವ ರೆಸ್ಟಿಕ್ ಡಿಫ್ ಓಡಿಸಿ. ಎಂ ಅಕ್ಷರದ ಸಾಲುಗಳು ಬದಲಾದ ಫೈಲುಗಳು, ಪ್ಲಸ್ ಹೊಸವು, ಮೈನಸ್ ಹೋದವು. ಒಂದೇ ಶೇರಿನಲ್ಲಿ ಸಾವಿರಗಟ್ಟಲೆ ಎಂ ಇದ್ದರೆ, ಅಥವಾ ಅಷ್ಟೇ ಮೈನಸ್‌ಗೆ ಅಷ್ಟೇ ಪ್ಲಸ್ ಇದ್ದು ಹೆಸರಿನ ಬಾಲ ಮಾತ್ರ ಬೇರೆಯಿದ್ದರೆ, ಅದು ಕೆಟ್ಟ ಲಕ್ಷಣ. ಆಮೇಲೆ ನಿನ್ನೆಯ ಸ್ನ್ಯಾಪ್‌ಶಾಟಿನಿಂದ ಹತ್ತು ಪಿಡಿಎಫ್ ಆರಿಸಿ, ರೆಸ್ಟಿಕ್ ಡಂಪಿನಿಂದ ಮೊದಲ ಬೈಟುಗಳನ್ನಷ್ಟೇ ನೋಡಿ. ಸರಿಯಾದ ಪಿಡಿಎಫ್ ಶೇಕಡಾ ಚಿಹ್ನೆ, ಪಿಡಿಎಫ್ ಎಂಬ ಮೂರಕ್ಷರ, ಒಂದು ಅಡ್ಡಗೆರೆ, ಹೀಗೆ ಶುರುವಾಗುತ್ತದೆ. ವರ್ಡ್, ಎಕ್ಸೆಲ್‌ನ ಈಗಿನ ಫೈಲುಗಳು ಪಿ, ಕೆ ಅಕ್ಷರಗಳಿಂದ ಶುರು. ಅಲ್ಲಿ ಕಸ ಕಂಡರೆ ಅನುಮಾನ ನಿಜ.

ನಿಮ್ಮ ಸ್ಕ್ರಿಪ್ಟಿನಲ್ಲಿ ಕೀಪ್-ಲಾಸ್ಟ್ 7 (ಕೊನೆಯ ಏಳು ಬ್ಯಾಕಪ್ ಮಾತ್ರ ಇಡು) ಇದ್ದರೆ, ಏಳು ರಾತ್ರಿ ಕಳೆದರೆ ಒಳ್ಳೆಯ ಪ್ರತಿ ಒಂದೂ ಉಳಿಯುವುದಿಲ್ಲ. ಫಲಿತಾಂಶ ಇಲ್ಲೇ ಬರೆಯಿರಿ, ಕಾಯುತ್ತೇನೆ.

ಮಂಗಳೂರು ಸದಸ್ಯ: ಝಡ್‌ಎಫ್‌ಎಸ್ ಬಗ್ಗೆ ಉತ್ತರ ಬರಲಿಲ್ಲ. ಲೋಕಲ್ 1 ಗಿಗಾಬಿಟ್ ಲ್ಯಾನಿನಲ್ಲಿ ಕ್ಲೈಂಟ್ ಡಿಡ್ಯೂಪಿಗೆ ಏನು ಅರ್ಥ ಉಂಟು?

ಸಿಂಗಾಪುರ ಸದಸ್ಯ: ಸರ್, 20 ಕ್ಲೈಂಟ್ ಒಟ್ಟಿಗೆ ಶುರುವಾದರೆ ಆ 1 ಗಿಗಾಬಿಟ್ ತಲಾ 50 ಎಂಬಿಪಿಎಸ್. ಇನ್ನು ಝಡ್‌ಎಫ್‌ಎಸ್ ಡಿಡ್ಯೂಪ್ ಟೇಬಲ್ಲಿಗೆ (ಇರುವ ಬ್ಲಾಕುಗಳ ಪಟ್ಟಿ) ಬ್ಲಾಕಿಗೆ ಸುಮಾರು 320 ಬೈಟ್ ರ್‍ಯಾಮ್. 128 ಕೆಬಿ ಬ್ಲಾಕಾದರೆ ಟಿಬಿಗೆ 2.5 ಜಿಬಿ. ಬ್ಲಾಕ್ ಚಿಕ್ಕದಾದಷ್ಟೂ ಏರುತ್ತೆ.

ಮಂಗಳೂರು ಸದಸ್ಯ: ರ್‍ಯಾಮ್ ಈಗ ಅಗ್ಗ. ಓದಿದ್ದನ್ನೇ ಒಪ್ಪಿಸಬೇಡಿ.

ಸಿಂಗಾಪುರ ಸದಸ್ಯ: ಟೇಬಲ್ ರ್‍ಯಾಮಿನಿಂದ ಹೊರಗೆ ಚೆಲ್ಲಿದಾಗ ಬರೆಯೋ ವೇಗ ಎಷ್ಟಕ್ಕೆ ಇಳಿಯುತ್ತೆ ಅಂತ ಅಳೆದು ನೋಡಿ, ಆಮೇಲೆ ಮಾತಾಡಿ. ಬ್ಲಾಕ್ ಗಡಿಯೂ ಸ್ಥಿರ. ಫೈಲಿನ ಮಧ್ಯೆ ಒಂದು ಬೈಟ್ ಸೇರಿದರೆ ಮುಂದಿನ ಯಾವ ಬ್ಲಾಕೂ ಹೊಂದಲ್ಲ.



ದಾವಣಗೆರೆ ಸದಸ್ಯ: ಫಾರ್ವರ್ಡ್ ಬಂದಿದ್ದು, ಎಲ್ಲರಿಗೂ ಉಪಯೋಗ: "ಬ್ಯಾಕಪ್ ನಿಧಾನವೇ? 1. ಕ್ಯಾಶ್ ಫೋಲ್ಡರ್ ಡಿಲೀಟ್ ಮಾಡಿ. 2. ಲಾಕ್ ಬಂದರೆ ಬಲವಂತವಾಗಿ ತೆಗೆಯಿರಿ. 3. ಚೆಕ್ ಬಂದ್ ಮಾಡಿ. ವೇಗ ದುಪ್ಪಟ್ಟು!"

ಮೇಡಂ: ಇದನ್ನು ದಯವಿಟ್ಟು ಯಾರೂ ಮಾಡಬೇಡಿ. ಸರ್ವರಿನಲ್ಲಿ ಯಾವ ತುಂಡಿದೆ ಅಂತ ಕ್ಲೈಂಟಿಗೆ ಬೇಗ ತಿಳಿಯುವುದೇ ಕ್ಯಾಶಿನಿಂದ. ಅಳಿಸಿದರೆ ಇಂಡೆಕ್ಸ್ ಪೂರ್ತಿ ಮತ್ತೆ ಇಳಿಸಿಕೊಳ್ಳಬೇಕು, ಇನ್ನಷ್ಟು ನಿಧಾನ. ಲಾಕ್ ಕಿತ್ತು ಪ್ರೂನ್ ಓಡಿಸಿದಾಗ ಬೇರೆ ಮಷೀನಿನ ಬ್ಯಾಕಪ್ ನಡೆಯುತ್ತಿದ್ದರೆ, ಅದಕ್ಕೆ ಬೇಕಾದ ತುಂಡುಗಳೇ ಅಳಿಯಬಹುದು. ಡಿಡ್ಯೂಪಿನಲ್ಲಿ ಒಂದು ತುಂಡು ಒಂದೇ ಕಡೆ ಇರುತ್ತದೆ. ಅದು ಕೆಟ್ಟರೆ ಅದನ್ನು ನೆಚ್ಚಿಕೊಂಡ ಎಲ್ಲಾ ದಿನಗಳ ಬ್ಯಾಕಪ್ಪೂ ಕೆಟ್ಟಂತೆ. ಅದಕ್ಕೇ ರೆಪಾಸಿಟರಿ ಸರಿಯಿದೆಯೇ ಅಂತ ಪರೀಕ್ಷಿಸುವ ಚೆಕ್ ಬೇಕು, ವಾರಕ್ಕೊಮ್ಮೆ ರೀಡ್-ಡೇಟಾ-ಸಬ್‌ಸೆಟ್ 5% ಆದರೂ. ಎರಡನೇ ಪ್ರತಿ ಬೇರೆ ಕಡೆ ಇರಲೇಬೇಕು.

ದಾವಣಗೆರೆ ಸದಸ್ಯ: ಕ್ಯಾಶ್ ಅಳಿಸಿದಾಗ ನಮ್ಮಲ್ಲಿ ವೇಗ ಬಂತಲ್ಲ ಮೇಡಂ?

ಮೇಡಂ: ಮೇಲೆ ಬರೆದಿದ್ದೇನೆ.

ಬೆಂಗಳೂರು ಸದಸ್ಯ: ನಮ್ಮದು ಐಬಿಎಂ ಸ್ಟೋರೇಜ್ ಪ್ರೊಟೆಕ್ಟ್ ಬ್ಯಾಕಪ್ ಸಾಫ್ಟ್‌ವೇರ್. ಕ್ಲೈಂಟಿನಲ್ಲಿ ಡಿಡ್ಯೂಪ್ಲಿಕೇಶನ್ ಯೆಸ್ ಹಾಕಿದ್ದೇವೆ, ಆದರೂ ಉಳಿತಾಯ 0%.

ಮೇಡಂ: ಸರ್ವರಿನಲ್ಲಿ ಆ ನೋಡಿನ (ಕ್ಲೈಂಟ್ ಮಷೀನಿನ) ಡಿಡ್ಯೂಪ್ ಸೆಟ್ಟಿಂಗ್ ಕ್ಲೈಂಟ್-ಆರ್-ಸರ್ವರ್ ಆಗಿರಬೇಕು, ಸ್ಟೋರೇಜ್ ಪೂಲ್ ಡಿಡ್ಯೂಪ್ ಇರುವಂಥದ್ದಾಗಿರಬೇಕು. ಕ್ಲೈಂಟ್ ಎನ್‌ಕ್ರಿಪ್ಷನ್ ಹಾಕಿದ್ದರೆ ಆ ಫೈಲುಗಳು ಡಿಡ್ಯೂಪ್ ಆಗುವುದಿಲ್ಲ. ಲ್ಯಾನ್ ಬಿಟ್ಟು ನೇರ ಸ್ಟೋರೇಜಿಗೆ ಬರೆಯುವ ಲ್ಯಾನ್-ಫ್ರೀ ದಾರಿಯಲ್ಲೂ ಇಲ್ಲ. 2 ಕೆಬಿಗಿಂತ ಚಿಕ್ಕ ಫೈಲಿಗೂ ಇಲ್ಲ.

ಗದಗ ಸದಸ್ಯ: ಮೊದಲ ಬ್ಯಾಕಪ್ ಭಾಳ ತಡ ಆಗಾಕತ್ತೇತಿ, ಯಾಕ್ರಿ?

ಮೇಡಂ: ಮೈಸೂರಿನವರಿಗೆ ಕೊಟ್ಟ ಉತ್ತರ ಓದಿ.

ಮಂಗಳೂರು ಸದಸ್ಯ: ಪ್ರಶ್ನೆ ಕೇಳಲಿಕ್ಕೆ ಕರೆದು ಹೀಗೆ ಗದರಿದರೆ ಹೇಗೆ?

ಸಿಂಗಾಪುರ ಸದಸ್ಯ: ಓದದೇ ಕೇಳಿದರೆ ಹೀಗೇ. ನಿಮ್ಮ ಝಡ್‌ಎಫ್‌ಎಸ್ ಬೇರೆ.

ಅಡ್ಮಿನ್: ಝಡ್‌ಎಫ್‌ಎಸ್ ಜಗಳ ಇಲ್ಲಿಗೆ ನಿಲ್ಲಲಿ. ಇನ್ನೊಂದು ಬಂದರೆ ಅಳಿಸುತ್ತೇನೆ.

ತುಮಕೂರು ಸದಸ್ಯೆ: ಮೇಡಂ, ಕ್ರಾನ್ ನಿಲ್ಲಿಸಿದೆ. ಡಿಫ್‌ನಲ್ಲಿ ಅಕೌಂಟ್ಸ್ ಶೇರಿನ ತುಂಬ ಎಂ. ಹೆಸರುಗಳು ಹಾಗೇ ಇವೆ. ಹತ್ತು ಪಿಡಿಎಫ್‌ನಲ್ಲಿ ಒಂಬತ್ತು ಕಸದಿಂದ ಶುರುವಾಗುತ್ತಿವೆ.

ಮೇಡಂ: ಫೈಲ್ ಸರ್ವರಿನ ನೆಟ್‌ವರ್ಕ್ ಕೇಬಲ್ ಕೀಳಿ. ಪವರ್ ಆಫ್ ಮಾಡಬೇಡಿ, ಮೆಮೊರಿಯಲ್ಲಿ ಸುಳಿವು ಇರಬಹುದು. ಅದರ ಮೇಲೆ ಬರೆಯುತ್ತಿದ್ದ ಪಿಸಿ ಯಾವುದೆಂದು ಗೊತ್ತಾಗುವವರೆಗೆ ಅಕೌಂಟ್ಸ್ ವಿಭಾಗದ ಎಲ್ಲಾ ಪಿಸಿಗಳನ್ನೂ ಲೈನಿನಿಂದ ಬಿಡಿಸಿ.

ರೆಪಾಸಿಟರಿಯ ಪಾಸ್‌ವರ್ಡ್ ಆ ಸರ್ವರಿನಲ್ಲೇ ಇದೆ. ಆದ್ದರಿಂದ ಬ್ಯಾಕಪ್ ಕಡೆಯವರಿಗೆ ಈಗಲೇ ಫೋನ್ ಮಾಡಿ, ರೆಪಾಸಿಟರಿ ಇಟ್ಟಿರುವ ರೆಸ್ಟ್ ಸರ್ವರ್ ಎಂಬ ಪ್ರೋಗ್ರಾಮನ್ನು ನಿಲ್ಲಿಸಲು ಹೇಳಿ. ಮತ್ತೆ ಶುರು ಮಾಡುವಾಗ ಅಪೆಂಡ್-ಓನ್ಲಿ (ಸೇರಿಸಲು ಮಾತ್ರ ಅನುಮತಿ) ಹಾಕಲಿ, ಆಗ ಕ್ಲೈಂಟಿನಿಂದ ಹಳೆಯ ಸ್ನ್ಯಾಪ್‌ಶಾಟ್ ಅಳಿಸಲು ಆಗದು. ಆಡಳಿತಕ್ಕೆ ತಿಳಿಸಿ. ಗಮನಕ್ಕೆ ಬಂದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ಗೆ ವರದಿ ಮಾಡಬೇಕು, 2022ರ ನಿರ್ದೇಶನ ಅದು.

ರಿಸ್ಟೋರ್ ಇವತ್ತೇ ಬೇಡ. ಹೊಸ ಮಷೀನ್ ಸಿದ್ಧವಾದ ಮೇಲೆ ಮೊನ್ನೆಯ ಸ್ನ್ಯಾಪ್‌ಶಾಟಿನಿಂದ ಅಕೌಂಟ್ಸ್ ಡೇಟಾ ಮಾತ್ರ ತೆಗೆಯಿರಿ, ಪ್ರೋಗ್ರಾಂ ಫೈಲು ಒಂದೂ ಬೇಡ. ಮೊನ್ನೆಯದರಲ್ಲೂ ಅದೇ ಹತ್ತು ಪಿಡಿಎಫ್ ನೋಡಿ, ಅಲ್ಲೂ ಕಸವಿದ್ದರೆ ಒಂದೊಂದು ದಿನ ಹಿಂದೆ ಹೋಗಿ.

ತುಮಕೂರು ಸದಸ್ಯೆ: ಕೇಬಲ್ ಕಿತ್ತಾಯಿತು. ಮೊನ್ನೆಯದರಲ್ಲಿ ಹತ್ತೂ ಸರಿ ಇವೆ. ಫೋನ್ ಮಾಡುತ್ತಿದ್ದೇನೆ.