ಕಾರವಾಜ್ಜಿಯೊನ ‘ಮತ್ತಾಯನ ಕರೆ’: ಗಡ್ಡದವನ ಬೆರಳು ಯಾರ ಕಡೆಗೆ?

ಪ್ರಶ್ನೆ:
ಸುಂಕ ವಸೂಲಿಯ ಮತ್ತಾಯನನ್ನು ಯೇಸು ತನ್ನ ಶಿಷ್ಯನಾಗಲು ಕರೆಯುವ ದೃಶ್ಯವಿದು, ಬಿಡಿಸಿದವನು ಇಟಲಿಯ ಚಿತ್ರಕಾರ ಕಾರವಾಜ್ಜಿಯೊ. ರೋಮಿನ ಸ್ಯಾನ್ ಲುಯಿಜಿ ದೇಯಿ ಫ್ರಾಂಚೇಸಿ ಚರ್ಚಿನ ಈ ಚಿತ್ರ (1599–1600) ಮೊಬೈಲಿನಲ್ಲಿ ಎಷ್ಟು ಸಲ ನೋಡಿದರೂ ಎರಡು ವಿಷಯ ಬಗೆಹರಿಯುತ್ತಿಲ್ಲ. ಮೇಜಿನ ಸುತ್ತ ಐವರು. ಗಡ್ಡದವನು ‘ನಾನಾ?’ ಎಂದು ತನ್ನನ್ನೇ ತೋರಿಸಿಕೊಳ್ಳುತ್ತಿದ್ದಾನೋ, ತುದಿಯಲ್ಲಿ ತಲೆ ತಗ್ಗಿಸಿ ನಾಣ್ಯ ಎಣಿಸುವ ಹುಡುಗನನ್ನೋ? ಇನ್ನೊಂದು, ಚಿತ್ರದ ಮೇಲರ್ಧ ಬರೀ ಕಪ್ಪು. ಅಷ್ಟು ಜಾಗ ಖಾಲಿ ಬಿಟ್ಟಿದ್ದೇಕೆ?

ಉತ್ತರ 1:
ಎರಡನೆಯದನ್ನು ಮೊದಲು ಹೇಳುತ್ತೇನೆ. ಮೇಲರ್ಧದ ಬಣ್ಣ ಮಣ್ಣುಗಂದು. ಕಾಂಟ್ರಾಸ್ಟ್ ಏರಿಸಿದ ಫೋಟೊಗಳಲ್ಲಿ ಕಂದಿನ ಛಾಯೆಗಳೆಲ್ಲ ಕಲಸಿ ಕಪ್ಪಾಗಿಬಿಡುತ್ತವೆ. ಕೋಣೆಯ ದೀಪ ಆರಿಸಿ, ಪರದೆಯ ಬೆಳಕು ಪೂರ್ತಿ ಏರಿಸಿ ನೋಡಿ: ಗೋಡೆ, ಕಿಟಕಿಯ ಕದ, ಓರೆಯಾಗಿ ಇಳಿಯುವ ಬೆಳಕಿನ ಅಂಚು ಕಾಣುತ್ತವೆ. ಆಮೇಲೆ ಮೇಲರ್ಧವನ್ನು ಅಂಗೈಯಿಂದ ಮುಚ್ಚಿ. ಉಳಿಯುವುದು ದುಡ್ಡಿನ ಮೇಜಿನ ಸುತ್ತ ಕೂತ ಒಂದು ಗುಂಪು, ಅಷ್ಟೆ. ಕೈ ತೆಗೆದ ಕೂಡಲೇ ಆ ಗೋಡೆಯ ಭಾರ ಅವರ ತಲೆಗಳ ಮೇಲೆ ಬಂದು ಕೂರುತ್ತದೆ.

ಚಿತ್ರದೊಳಗಿನ ಕಿಟಕಿಯಿಂದ ಬೆಳಕು ಬರುತ್ತಲೇ ಇಲ್ಲ, ಗಮನಿಸಿ. ಬರುವುದೆಲ್ಲ ಬಲಗಡೆ, ಯೇಸುವಿನ ತಲೆಯ ಮೇಲಿನಿಂದ. ಕ್ಯಾನ್ವಾಸ್ (322×340 ಸೆಂ.ಮೀ.) ಇರುವುದು ಆ ಚರ್ಚಿನೊಳಗಿನ ಕೊಂತರೆಲ್ಲಿ ಚಾಪೆಲ್‌ನ (ಚಿಕ್ಕ ಪ್ರಾರ್ಥನಾ ಕೋಣೆ) ಎಡಗೋಡೆಯಲ್ಲಿ. ಬಲಿಪೀಠದ ಮೇಲಿನ ನಿಜವಾದ ಕಿಟಕಿಯೂ ಅದರ ಬಲಕ್ಕೇ ಬೀಳುತ್ತದೆ. ನೇರವಾಗಿ ತೆಗೆದ ಫೋಟೊದಲ್ಲಿ ಈ ನಂಟು ತಪ್ಪಿಹೋಗುತ್ತದೆ.

ನಕಲು ಬಿಡಿಸುವವರು ಎಡವುವುದೂ ಇಲ್ಲೇ. ನೆರಳಿಗೆ ಟ್ಯೂಬಿನ ಕಪ್ಪು ಬಳಿದರೆ ಗೋಡೆ ಸತ್ತೇ ಹೋಗುತ್ತದೆ. ಮೊದಲು ಇಡೀ ಕ್ಯಾನ್ವಾಸಿಗೆ ಗಾಢ ಕಂದು ಹಚ್ಚಿ ಒಣಗಿಸಿ, ನೆರಳಿನ ಕಡೆ ಅದನ್ನೇ ಉಳಿಸಿಕೊಳ್ಳಿ.

ಉತ್ತರ 2:
ಬೆರಳಿನ ವಾದ ವಿದ್ವಾಂಸರಲ್ಲೂ ಮುಗಿದಿಲ್ಲ. ನನ್ನ ಮತ ಗಡ್ಡದವನಿಗೆ, ಅವನೇ ಮತ್ತಾಯ. ಅದೇ ಚಾಪೆಲ್‌ನ ಉಳಿದೆರಡು ಚಿತ್ರಗಳಲ್ಲೂ ಮತ್ತಾಯ ಗಡ್ಡದ ಹಿರಿಯನೇ. ಇಲ್ಲಿ ಅವನ ಎಡಗೈ ಪ್ರಶ್ನೆ ಕೇಳುತ್ತಿದೆ, ಬಲಗೈ ಇನ್ನೂ ನಾಣ್ಯದ ಪಕ್ಕದಲ್ಲೇ ಇದೆ. ಸುಂಕದ ಕಟ್ಟೆಯಿಂದ ಏಳಬೇಕಾದವನ ಸಂಕಟವೆಲ್ಲ ಆ ಎರಡು ಕೈಗಳಲ್ಲಿದೆ.

ಯೇಸುವಿನ ಕೈಯನ್ನು ಹಿಗ್ಗಿಸಿ ನೋಡಿ. ಮಣಿಕಟ್ಟು ಸಡಿಲ, ಬೆರಳು ಇಳಿಬಿದ್ದಿವೆ. ಸಿಸ್ಟೀನ್ ಚಾಪೆಲ್‌ನಲ್ಲಿ ಮೈಕೆಲೆಂಜೆಲೊ ಬಿಡಿಸಿದ ಆದಾಮನ ಕೈ ಕನ್ನಡಿಯಲ್ಲಿ ಕಂಡಂತಿದೆ. ‘ನನ್ನನ್ನು ಹಿಂಬಾಲಿಸು’ ಎಂಬ ಮಾತಿಗೆ ಇಷ್ಟು ಮೆಲ್ಲನೆಯ ಕೈ! ನೋಡಿದಷ್ಟೂ ಮೈ ಜುಮ್ಮೆನ್ನುತ್ತದೆ. ಯೇಸುವಿನ ಪಾದ ನೋಡಿದರೆ ಆಗಲೇ ಹೊರಡುವ ದಿಕ್ಕಿಗೆ ತಿರುಗಿದೆ.

ಪ್ರಶ್ನೆ ಕೇಳಿದವರು:
ಹಾಗಾದರೆ ಶಿಷ್ಯ ಪೇತ್ರ ಯಾಕೆ ಯೇಸುವಿಗೆ ಅಡ್ಡ ನಿಂತಿದ್ದಾನೆ?

ಉತ್ತರ 2:
ಪೇತ್ರ ಚಿತ್ರಕ್ಕೆ ಆಮೇಲೆ ಸೇರಿದವನು, ಕ್ಯಾನ್ವಾಸಿನ ಎಕ್ಸ್-ರೇಯಲ್ಲಿ ಗೊತ್ತಾಗಿದೆ. ಅವನು ಬಂದ ಮೇಲೆ ಯೇಸುವಿನ ಮೈ ಬಹುಪಾಲು ಮರೆಯಾಗಿ, ಮುಖವೂ ಕೈಯೂ ಮಾತ್ರ ಬೆಳಕಿನಲ್ಲಿ ಉಳಿದವು. ಪೇತ್ರನ ಕೈಯನ್ನೂ ನೋಡಿ: ಅದೇ ಸನ್ನೆಯನ್ನು ಅರೆಬರೆಯಾಗಿ ಮಾಡುತ್ತಿದೆ, ಈಗಷ್ಟೇ ಕಲಿತವನ ಹಾಗೆ.