‘ಮೂರು ದೇಶ, ಒಂದೇ ಕವಚ’: ಒಂದು ಫಾರ್ವರ್ಡ್, ಬ್ಯಾಚ್ ಗುಂಪಲ್ಲಿ ಜಟಾಪಟಿ

ಗುರು: (ಫಾರ್ವರ್ಡ್) ಅಮೆರಿಕ, ಜಪಾನ್, ದಕ್ಷಿಣ ಕೊರಿಯಾ ಈಗ ಒಂದೇ ಕ್ಷಿಪಣಿ ಕವಚದಡಿ! ಉತ್ತರ ಕೊರಿಯಾದ ಕಿಮ್ ಹಾರಿಸಿದ್ದು ಒಂದೂ ದಾಟಲ್ಲ!!

ವೀಣಾ: ಸುಳ್ಳು ಕಣೋ. 2023ರ ಡಿಸೆಂಬರ್‌ನಲ್ಲಿ ಶುರುವಾಗಿದ್ದು ಎಚ್ಚರಿಕೆ ಮಾಹಿತಿ ಹಂಚಿಕೆ ಮಾತ್ರ. ಎಲ್ಲಿಂದ ಹಾರ್ತು, ಎಲ್ಲಿ ಬೀಳತ್ತೆ ಅಂತ. ಹೊಡೆಯೋ ಆದೇಶ ಅವರವರದ್ದೇ.

ಗುರು: ಗೊತ್ತಾದ್ಮೇಲೆ ಹೊಡೆಯೋಕೇನು ಕಷ್ಟ?

ವೀಣಾ: ಕಿಮ್‌ನ ಕೆಎನ್-23 ಕ್ಷಿಪಣಿ ನೋಡು. 50 ಕಿ.ಮೀ. ಎತ್ತರದೊಳಗೇ ಹಾರಿ, ಕೊನೇಲಿ ಮತ್ತೆ ಮೂತಿ ಎತ್ತತ್ತೆ. ಜಪಾನಿನ ಹಡಗಲ್ಲಿರೋ ಎಸ್‌ಎಂ-3 ಪ್ರತಿಕ್ಷಿಪಣಿ ವಾತಾವರಣದ ಹೊರಗೆ ಹೊಡೆಯೋದು, ಇಷ್ಟು ಕೆಳಗೆ ಅದು ಲೆಕ್ಕಕ್ಕಿಲ್ಲ. ಉಳಿಯೋದು ನೆಲದಿಂದ ಹಾರಿಸೋ ಪೇಟ್ರಿಯಟ್ ಪಿಎಸಿ-3. ಅದು ಕಾಯೋದು ತನ್ನ ಸುತ್ತಲ ಹತ್ತಾರು ಕಿ.ಮೀ. ಮಾತ್ರ.

ಶಂಕರ: ದಕ್ಷಿಣ ಕೊರಿಯಾದಲ್ಲಿ ಅಮೆರಿಕದ ಪ್ರತಿಕ್ಷಿಪಣಿ ವ್ಯವಸ್ಥೆ ಥಾಡ್ ಇದೆಯಲ್ಲಮ್ಮ, 2017ರಿಂದ.

ರಘು: ಸೊಂಗ್ಜುನಲ್ಲಿ ಒಂದೇ ಬ್ಯಾಟರಿ. 6 ಲಾಂಚರ್, ತಲಾ 8 ಪ್ರತಿಕ್ಷಿಪಣಿ, ಒಟ್ಟು 48. ವ್ಯಾಪ್ತಿ ಸುಮಾರು 200 ಕಿ.ಮೀ., ಸೋಲ್ ಅದರಾಚೆಗಿದೆ. ಹೊಡೆಯೋ ಎತ್ತರ 40ರಿಂದ 150 ಕಿ.ಮೀ. ಅಷ್ಟಕ್ಕೇ ಚೀನಾ, ಜಾಗ ಕೊಟ್ಟ ಕೊರಿಯಾದ ಲೊಟ್ಟೆ ಕಂಪನಿಯ ಅಂಗಡಿಗಳಿಗೆ ಬೀಗ ಹಾಕಿಸ್ತು.

ಶಂಕರ: ಹಾಗಾದ್ರೆ ಮಾಹಿತಿ ಹಂಚಿ ಏನು ಪ್ರಯೋಜನ?

ವೀಣಾ: ಜಪಾನಿಗೆ ದೊಡ್ಡ ಪ್ರಯೋಜನ. ಭೂಮಿ ಗುಂಡಗಿದೆ. 1000 ಕಿ.ಮೀ. ಆಚೆ 60 ಕಿ.ಮೀ.ಗಿಂತ ಕೆಳಗೆ ಹಾರೋದು ಅವರ ನೆಲದ ರಾಡಾರಿಗೆ ಕಾಣೋದೇ ಇಲ್ಲ. ದಕ್ಷಿಣ ಕೊರಿಯಾದ ಗ್ರೀನ್ ಪೈನ್ ರಾಡಾರಿಗೆ ಏರುವಾಗಲೇ ಕಾಣತ್ತೆ (ನಮ್ಮ ಸ್ವೋರ್ಡ್‌ಫಿಶ್ ರಾಡಾರ್ ಇದರದ್ದೇ ಸಂತಾನ). ಸಮುದ್ರಕ್ಕೆ ಬೀಳೋ ಕೊನೇ ಭಾಗ ಜಪಾನಿಗೆ ಚೆನ್ನಾಗಿ ಕಾಣತ್ತೆ. ಮೂವರ 2014ರ ಮಾಹಿತಿ ಹಂಚಿಕೆ ಒಪ್ಪಂದದಲ್ಲಿ ಇದೆಲ್ಲ ಅಮೆರಿಕದ ಕೈದಾಟಿ ತಡವಾಗಿ ಬರ್ತಿತ್ತು. ಹತ್ತು ನಿಮಿಷದಲ್ಲಿ ಬೀಳೋ ಕ್ಷಿಪಣಿಗೆ ಆ ತಡ ಬಹಳ ದುಬಾರಿ.

ಗುರು: ಹಡಗಲ್ಲಿರೋ ಈಜಿಸ್ ಕ್ಷಿಪಣಿ ತಡೆ ವ್ಯವಸ್ಥೆನ ಜಪಾನ್ ನೆಲದ ಮೇಲೇ ಕಟ್ಟಬಹುದಿತ್ತಲ್ಲ?

ರಘು: ಹೊರಟಿದ್ರು, ಅಕಿತಾ ಮತ್ತು ಯಾಮಾಗುಚಿಯಲ್ಲಿ. ಪ್ರತಿಕ್ಷಿಪಣಿಯ ಬೂಸ್ಟರ್ ಸೇನಾ ತಾಲೀಮು ಜಾಗದೊಳಗೇ ಬೀಳತ್ತೆ ಅಂತ ಖಾತ್ರಿ ಕೊಡೋಕಾಗ್ಲಿಲ್ಲ. ಸರಿಪಡಿಸೋಕೆ ಹಣ, ವರ್ಷ ಎರಡೂ ವಿಪರೀತ. 2020ರ ಜೂನ್‌ನಲ್ಲಿ ರಕ್ಷಣಾ ಸಚಿವ ಕೊನೊ ಟಾರೊ ನಿಲ್ಲಿಸಿದ್ರು. ಈಗ ಬದಲಿಗೆ ಎರಡು ಹಡಗು.

ಶಂಕರ: ಆದ್ರೂ ಮೂವರೂ ಒಟ್ಟಾಗಿರೋದೇ ದೊಡ್ಡದು.

ರಘು: ಒಟ್ಟು ಎಷ್ಟು ಗಟ್ಟಿ ಅಂತ 2019ರಲ್ಲಿ ನೋಡಿದ್ವಲ್ಲ. ಜಪಾನ್ ಜತೆ ವ್ಯಾಪಾರದ ಜಗಳಕ್ಕೆ ಸೋಲ್ ಅವರ ಜತೆಗಿನ ಗುಪ್ತಮಾಹಿತಿ ಒಪ್ಪಂದವನ್ನೇ ಕೈಬಿಡ್ತೀವಿ ಅಂತ ಆಗಸ್ಟ್‌ನಲ್ಲಿ ಘೋಷಿಸಿತ್ತು. ಗಡುವಿಗೆ ಕೆಲವೇ ಗಂಟೆ ಇದ್ದಾಗ ಆ ನಿರ್ಧಾರ ತಡೆಹಿಡೀತು. ಪೂರ್ತಿ ಸರಿಹೋಗಿದ್ದು 2023ರ ಮಾರ್ಚ್‌ನಲ್ಲಿ.