ಸಂಜೆ 7ರ ಮೇಲೆ ಉತ್ತರಿಸಬೇಕಿಲ್ಲ ಅಂತ ನಿಯಮ ತಂದ್ವಿ, ಆದರೂ ಟೀಮ್ ಸುಸ್ತು. ಯಾಕೆ?

ಹಳೇಗಡಿಯಾರ:
ಒಂಬತ್ತು ಜನರ ಸಪೋರ್ಟ್ ಟೀಮ್ ನೋಡಿಕೊಳ್ತೀನಿ. ಆರು ತಿಂಗಳ ಹಿಂದೆ ಕಂಪನಿಯಲ್ಲಿ ಮೂರು ಹೊಸ ನಿಯಮ ಬಂತು. ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ, ಬೆಳಿಗ್ಗೆ 8ರಿಂದ 11ರ ಒಳಗೆ ಯಾವಾಗ ಬೇಕಾದರೂ ಲಾಗಿನ್, ಸಂಜೆ 7ರ ಮೇಲೆ ಬಂದ ಮೆಸೇಜಿಗೆ ಉತ್ತರ ಕೊಡಬೇಕಿಲ್ಲ. ಮೇಲಿನವರ ಹತ್ತಿರ ಜಗಳವಾಡಿ ಇದನ್ನು ತರಿಸಿದ್ದು ನಾನೇ. ಈಗ ನೋಡಿದರೆ ಟಿಕೆಟ್, ಅಂದರೆ ಗ್ರಾಹಕರ ದೂರುಗಳು, ಮುಗಿಯೋ ವೇಗ ಮೊದಲಿನಷ್ಟೇ ಇದೆ, ಸರ್ವೆಯಲ್ಲಿ ಟೀಮಿನವರ ತೃಪ್ತಿಯ ಅಂಕ ಇನ್ನೂ ಕೆಳಗೆ ಹೋಗಿದೆ. "ಇಷ್ಟೆಲ್ಲ ಮಾಡಿ ಏನು ಸಿಕ್ತು?" ಅಂತ ಮೇಲಿನವರು ಕೇಳಿದಾಗ ನಾನು ಕಕ್ಕಾಬಿಕ್ಕಿ.

ಒಂದು ವಿಷಯ ಹೇಳಿಬಿಡ್ತೀನಿ. ಮಕ್ಕಳು ಮಲಗಿದ ಮೇಲೇ ನನ್ನ ತಲೆ ಓಡೋದು. ಹತ್ತೂವರೆಗೆ ಮೆಸೇಜ್ ಹಾಕ್ತೀನಿ, ಆದರೆ ಪ್ರತಿ ಸಲ ಕೆಳಗೆ "ನಾಳೆ ನೋಡಿದರೆ ಸಾಕು" ಅಂತ ಬರೆದಿರ್ತೀನಿ.

ಲೆಕ್ಕದಪುಸ್ತಕ:
ಆ ಮೆಸೇಜುಗಳಿಗೆ ಉತ್ತರ ಎಷ್ಟು ಹೊತ್ತಿಗೆ ಬರುತ್ತೆ ಅಂತ ಯಾವತ್ತಾದರೂ ಎಣಿಸಿದ್ದೀರಾ?

ಹಳೇಗಡಿಯಾರ:
ಈಗ ಎಣಿಸಿದೆ. ಕೊನೆಯ 20ರಲ್ಲಿ 14ಕ್ಕೆ ಅದೇ ರಾತ್ರಿ ಉತ್ತರ ಬಂದಿದೆ. ಒಂದಕ್ಕಂತೂ ನಾಲ್ಕೇ ನಿಮಿಷದಲ್ಲಿ.

ಲೆಕ್ಕದಪುಸ್ತಕ:
ಅಲ್ಲೇ ಇದೆ ನೋಡಿ. ಫ್ರಾನ್ಸಿನಲ್ಲಿ 2017ರಿಂದ ಇರೋ ಕಾನೂನು, ಕೆಲಸದ ಹೊತ್ತು ಮುಗಿದ ಮೇಲೆ ಸಂಪರ್ಕ ಕಡಿದುಕೊಳ್ಳೋದು ನೌಕರರ ಹಕ್ಕು ಅನ್ನುತ್ತೆ. ಪೋರ್ಚುಗಲ್ 2021ರಲ್ಲಿ ಅದನ್ನು ತಿರುಗಿಸಿ ಬರೆಯಿತು: ತುರ್ತು ಇಲ್ಲದಿದ್ದರೆ ನೌಕರರನ್ನು ಸಂಪರ್ಕಿಸದೇ ಇರೋದು ಮಾಲೀಕರ ಕರ್ತವ್ಯ. ಎರಡೂ ಒಂದೇ ಥರ ಕೇಳಿಸುತ್ತೆ, ಆದರೆ ಮೊದಲನೆಯದರಲ್ಲಿ ಬಾಸ್‌ಗೆ ಬೇಡ ಅನ್ನೋ ಭಾರ ಕೆಳಗಿನವರ ಮೇಲೇ. ನಿಮ್ಮ ನಿಯಮವೂ ಅದೇ ಥರದ್ದು. ಸಂಬಳ ಹೆಚ್ಚಿಸೋ ಪಟ್ಟಿ ನಿಮ್ಮ ಕೈಯಲ್ಲಿರುವಾಗ "ನಾಳೆ ನೋಡಿದರೆ ಸಾಕು" ಅನ್ನೋದನ್ನ ಯಾರು ನಂಬ್ತಾರೆ?

ಕಿಟಕಿಪಕ್ಕ:
ವೇಗ ಹೆಚ್ಚಲಿಲ್ಲ ಅನ್ನೋದನ್ನೇ ಸೋಲು ಅಂತ ಯಾಕೆ ಓದ್ತೀರಿ? ಚೀನಾದ ಸಿಟ್ರಿಪ್ ಪ್ರಯಾಣ ಸಂಸ್ಥೆಯಲ್ಲಿ ಒಂಬತ್ತು ತಿಂಗಳು ಕಾಲ್ ಸೆಂಟರಿನವರನ್ನು ಮನೆಯಿಂದ ಕೆಲಸ ಮಾಡಿಸಿ ನೋಡಿದರು. ಕೆಲಸ 13% ಹೆಚ್ಚಾಯ್ತು, ಬಹುಪಾಲು ಬಿಡುವು ಮತ್ತು ಅನಾರೋಗ್ಯದ ರಜೆ ಕಡಿಮೆಯಾಗಿ ದುಡಿದ ನಿಮಿಷಗಳು ಜಾಸ್ತಿಯಾಗಿದ್ದರಿಂದ. ಆದರೂ ಪ್ರಯೋಗ ಮುಗಿದ ಮೇಲೆ ಸುಮಾರು ಅರ್ಧ ಜನ ಆಫೀಸಿಗೆ ವಾಪಸ್ ಬರ್ತೀವಿ ಅಂದರು. ಒಂಟಿತನ! ಅದೇ ಸಂಸ್ಥೆಯಲ್ಲಿ ಆಮೇಲೆ 1,600ಕ್ಕೂ ಹೆಚ್ಚು ಜನರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2024ರಲ್ಲಿ ಪ್ರಕಟವಾಯ್ತು. ಅಲ್ಲಿ ನಿಮ್ಮ ಹಾಗೇ ವಾರಕ್ಕೆ ಎರಡು ದಿನ ಮನೆ. ಕೆಲಸದ ಗುಣಮಟ್ಟದಲ್ಲಿ ವ್ಯತ್ಯಾಸ ಕಾಣಲಿಲ್ಲ, ಕೆಲಸ ಬಿಡೋರು ಮೂರನೇ ಒಂದರಷ್ಟು ಕಡಿಮೆಯಾದರು. ಮೇಲಿನವರಿಗೆ ಟಿಕೆಟ್ ಲೆಕ್ಕ ಬಿಟ್ಟು ಎಷ್ಟು ಜನ ರಾಜೀನಾಮೆ ಕೊಟ್ಟರು ಅನ್ನೋದನ್ನ ತೋರಿಸಿ. ಹೊಸಬರನ್ನು ಹುಡುಕಿ ತರಬೇತಿ ಕೊಡೋ ಖರ್ಚು ಅವರಿಗೆ ಚೆನ್ನಾಗಿ ಅರ್ಥವಾಗುತ್ತೆ.

ರಾತ್ರಿಪಾಳಿ:
ಮನೆಯಿಂದ ಕೆಲಸ, ಇಷ್ಟ ಬಂದಾಗ ಲಾಗಿನ್, ಇವೆಲ್ಲ ಕುರ್ಚಿಯಲ್ಲಿ ಕೂರೋರ ಮಾತು. ನಾನು ಯಂತ್ರದ ಮುಂದೆ ನಿಲ್ಲೋನು. ನಮ್ಮಲ್ಲಿ ಮುಂದಿನ ವಾರದ ಶಿಫ್ಟ್ ಪಟ್ಟಿ ಭಾನುವಾರ ಸಂಜೆ ಬರುತ್ತಿತ್ತು. ಹೊಸ ಸೂಪರ್‌ವೈಸರ್ ಅದನ್ನು ಎರಡು ವಾರ ಮೊದಲೇ ಹಾಕೋಕೆ ಶುರು ಮಾಡಿದರು. ಒಂದು ಗಂಟೆಯೂ ಕಡಿಮೆಯಾಗಿಲ್ಲ, ಆದರೆ ಅಮ್ಮನನ್ನ ಡಾಕ್ಟರ್ ಹತ್ತಿರ ಯಾವತ್ತು ಕರ್ಕೊಂಡು ಹೋಗ್ಬೇಕು ಅಂತ ಈಗ ನನಗೆ ಮೊದಲೇ ಗೊತ್ತಿರುತ್ತೆ. ನಿಮ್ಮವರಿಗೆ ಏನು ಬೇಕು ಅಂತ ನಿಯಮ ತರೋ ಮುಂಚೆ ಕೇಳಿದ್ರಾ?

ಹಳೇಗಡಿಯಾರ:
ಇಲ್ಲ, ಕೇಳಿರಲಿಲ್ಲ. ಮೂರು ವಾರದಿಂದ ರಾತ್ರಿ ಬರೆದ ಮೆಸೇಜುಗಳನ್ನ ಬೆಳಿಗ್ಗೆ ಒಂಬತ್ತೂವರೆಗೆ ಹೋಗೋ ಹಾಗೆ ಇಡ್ತಿದ್ದೀನಿ. ಬೆಳಿಗ್ಗೆ ಮತ್ತೆ ಓದಿದಾಗ ಅರ್ಧಕ್ಕರ್ಧ ಅಳಿಸಿ ಹಾಕ್ತೀನಿ, ಕಳಿಸೋ ಅಗತ್ಯವೇ ಇರಲ್ಲ. ಮೊದಲ ವಾರ ಟೀಮಿನ ಹುಡುಗಿಯೊಬ್ಬಳು ಬಂದು ಮೆಲ್ಲಗೆ ಕೇಳಿದಳು: "ಸರ್, ಹುಷಾರಾಗಿದ್ದೀರಾ?"